ಮೊದಲು ತಲುಪುವವರ ಕೈಗೆ ಅಭ್ಯಾಸ ಬೇಕು

ಹೈವೇ ಗಸ್ತಿನ ಪೊಲೀಸರು, ಅಗ್ನಿಶಾಮಕ ದಳದವರು, ಹೋಂಗಾರ್ಡ್‌ಗಳು, ಬಸ್ಸಿನ ಡ್ರೈವರ್-ಕಂಡಕ್ಟರ್‌ಗಳು, ಬೀಚಿನ ಲೈಫ್‌ಗಾರ್ಡ್‌ಗಳು. ಏನಾದರೂ ಅನಾಹುತ ಆದಾಗ ಡಾಕ್ಟರ್‌ಗಿಂತ ಮೊದಲು ಅಲ್ಲಿ ನಿಲ್ಲುವವರು ಇವರೇ. 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಬರುವ ತನಕ ಆ ಜೀವ ಇವರ ಕೈಯಲ್ಲೇ ಇರುತ್ತದೆ. ಹೃದಯ ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳು ಹಾಳಾಗಲು ಶುರುವಾಗುತ್ತದೆ, ಅಷ್ಟು ಹೊತ್ತಿನೊಳಗೆ ನಮ್ಮಲ್ಲಿ ಎಷ್ಟು ಕಡೆ ಆಂಬುಲೆನ್ಸ್ ಬಂದು ನಿಲ್ಲುತ್ತದೆ ಹೇಳಿ. ಅದಕ್ಕೇ ಇವರೆಲ್ಲರಿಗೂ ವರ್ಷಕ್ಕೊಮ್ಮೆಯಾದರೂ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ, ಬೇಕಾದರೆ ಉಸಿರು ಕೊಟ್ಟು ರಕ್ತ ಓಡುವಂತೆ ಮಾಡುವುದು, ಅದರ ಅಭ್ಯಾಸ ಕಡ್ಡಾಯ ಆಗಬೇಕು ಅನ್ನೋದು ನನ್ನ ಮಾತು. ಭಾಷಣ ಕೇಳಿಸಿ ಕಳಿಸಿದರೆ ಸಾಲದು. ತರಬೇತಿ ಗೊಂಬೆಯ ಎದೆ ಮೇಲೆ ಕೈ ಇಟ್ಟು ಬೆವರು ಬರುವ ತನಕ ಒತ್ತಿಸಬೇಕು.

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಆಟೋದಲ್ಲೋ ಜೀಪಿನಲ್ಲೋ ಮುದುಡಿಕೊಂಡು ಬರುತ್ತಾರೆ. ಕುಸಿದು ಬಿದ್ದ ಜಾಗದಲ್ಲಿ ಯಾರೂ ಎದೆ ಮುಟ್ಟಿರುವುದಿಲ್ಲ. ಕರೆದುಕೊಂಡು ಬಂದವರು "ಸಿಸ್ಟರ್, ದಾರಿಯಲ್ಲಿ ಉಸಿರಾಡ್ತಾ ಇದ್ರು" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೃದಯ ನಿಂತ ಮೇಲೂ ಕೆಲವರು ಸ್ವಲ್ಪ ಹೊತ್ತು ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುತ್ತಾರೆ. ನೋಡಿದವರಿಗೆ ಅದು ಉಸಿರು ಅನ್ನಿಸುತ್ತದೆ. ಅದು ಉಸಿರಲ್ಲ, ಆಗಲೇ ಒತ್ತಲು ಶುರು ಮಾಡಬೇಕು. ಭುಜ ತಟ್ಟಿ ಕೂಗಿದರೂ ಏಳುತ್ತಿಲ್ಲ, ಉಸಿರು ಸರಿಯಾಗಿಲ್ಲ ಅಂದರೆ ಕಾಯಬೇಡಿ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಚಬಾರದು. ದೊಡ್ಡವರಾದರೆ 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಇಲ್ಲದಿದ್ದರೆ ಹೃದಯದೊಳಗೆ ರಕ್ತ ಸರಿಯಾಗಿ ತುಂಬುವುದಿಲ್ಲ. ಓದುವಾಗ ಸುಲಭ ಅನ್ನಿಸುತ್ತದೆ ಅಲ್ವಾ? ಒಂದು ಸಲ ಮಾಡಿ ನೋಡಿ. ಎರಡು ನಿಮಿಷಕ್ಕೆ ತೋಳು ಸೋತು ಆಳ ಕಡಿಮೆ ಆಗುತ್ತದೆ, ನಮಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು. ಪಕ್ಕೆಲುಬು ಮುರಿಯಬಹುದು, ಮುರಿದರೂ ನಿಲ್ಲಿಸಬಾರದು.

ಕಂಡಕ್ಟರ್ ಲೈಸೆನ್ಸ್‌ಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಬೇಕು. ಒಳ್ಳೆಯ ನಿಯಮ. ಆದರೆ ಸಿಪಿಆರ್ ಕಲಿತ ಕೆಲವೇ ತಿಂಗಳಲ್ಲಿ ಕೈ ಮರೆಯಲು ಶುರುವಾಗುತ್ತದೆ. ಸೇವೆಗೆ ಸೇರುವಾಗ ಒಮ್ಮೆ ಕಲಿತದ್ದು ಹತ್ತು ವರ್ಷದ ನಂತರ ಘಾಟಿ ರಸ್ತೆಯಲ್ಲಿ ಪ್ರಯಾಣಿಕರೊಬ್ಬರು ಸೀಟಿನಿಂದ ಜಾರಿದಾಗ ನೆನಪಿಗೆ ಬರಬೇಕು ಅಂದರೆ ಹೇಗೆ?

ನೀರಲ್ಲಿ ಮುಳುಗಿದವರ ವಿಷಯ ಬಂದರೆ ನನಗೆ ಸಂಕಟ ಆಗುತ್ತದೆ. ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಮುಳುಗಿ ಸತ್ತ ಮಕ್ಕಳನ್ನು ಬದುಕಿ ಬರುತ್ತಾರೆ ಅಂತ ಉಪ್ಪಿನಲ್ಲಿ ಮುಚ್ಚಿಟ್ಟು ಗಂಟೆಗಟ್ಟಲೆ ಕಾದದ್ದು ಸುದ್ದಿ ಆಗಿತ್ತು. ಮಗು ಕಳೆದುಕೊಂಡ ತಂದೆ ತಾಯಿಯನ್ನು ಏನಂತ ಬೈಯೋದು? ಮೊಬೈಲ್‌ಗೆ ಬಂದ ಸುಳ್ಳು ಸುದ್ದಿ ಅವರ ಊರಿಗೆ ತಲುಪಿತ್ತು, ಸಿಪಿಆರ್ ತಲುಪಿರಲಿಲ್ಲ. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇವತ್ತಿಗೂ ನಡೆಯುತ್ತಿದೆ. ಮುಳುಗಿದವರಿಗೆ ಬೇಕಿರುವುದು ಗಾಳಿ. ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಬೇಕು, ಆಮೇಲೆ 30 ಒತ್ತು, 2 ಉಸಿರು, ಹೀಗೇ ಮುಂದುವರಿಸಬೇಕು. ಕೆರೆ, ಕೃಷಿ ಹೊಂಡ ಇರುವ ಪ್ರತಿ ಊರಿಗೂ ಹತ್ತಿರದ ಅಗ್ನಿಶಾಮಕ ಠಾಣೆಯವರು ಹೋಗಿ ಇದನ್ನು ಮಾಡಿ ತೋರಿಸಬಹುದು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಹೋದರು. ಅವತ್ತು ಪೊಲೀಸರು ಪ್ರಜ್ಞೆ ತಪ್ಪಿದವರನ್ನು ಎತ್ತಿಕೊಂಡು ಓಡಿದ್ದನ್ನು ಎಲ್ಲರೂ ನೋಡಿದ್ದೀರಿ. ಜನರ ಒತ್ತಡಕ್ಕೆ ಎದೆ ಅರಳಲು ಜಾಗವೇ ಇರುವುದಿಲ್ಲ, ಉಸಿರು ಕಟ್ಟುತ್ತದೆ. ಅಂಥವರನ್ನು ಹೊರಗೆ ತಂದ ತಕ್ಷಣ ಮಲಗಿಸಿ, ಗದ್ದ ಮೇಲೆತ್ತಿ ಉಸಿರು ನೋಡಬೇಕು, ಉಸಿರು ಇಲ್ಲದಿದ್ದರೆ ಅಲ್ಲೇ ಸಿಪಿಆರ್. ಬಂದೋಬಸ್ತ್‌ಗೆ ನಿಲ್ಲುವ ಪ್ರತಿ ಪೇದೆಗೂ ಇದು ಲಾಠಿ ಹಿಡಿಯುವಷ್ಟೇ ಚೆನ್ನಾಗಿ ಬರಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಹೃದಯದ ಬಗ್ಗೆ ನಮ್ಮ ಮನೆಗಳಲ್ಲೂ ಮಾತು ಶುರುವಾಯಿತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂತು. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಇಂಜೆಕ್ಷನ್ ಸಿಗಬೇಕಾದರೆ ಮನುಷ್ಯ ಜೀವಂತ ಆಸ್ಪತ್ರೆ ತಲುಪಬೇಕು. ಸಾರ್ವಜನಿಕ ಜಾಗಗಳಲ್ಲಿ ಎಇಡಿ, ಅಂದರೆ ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಇಡುವುದೂ ಇದೇ ಯೋಜನೆಯಲ್ಲಿದೆ. ಆ ಯಂತ್ರ ತಾನೇ ಮಾತಾಡಿ ಹೇಳಿಕೊಡುತ್ತದೆ, ಬೇಕಿಲ್ಲದವರಿಗೆ ಶಾಕ್ ಕೊಡುವುದಿಲ್ಲ. ಶಾಕ್ ಬೇಕಾದವರಿಗೆ ಸಿಪಿಆರ್ ಕೂಡ ಇಲ್ಲದೆ ಒಂದೊಂದು ನಿಮಿಷ ತಡವಾದರೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ. ಪೆಟ್ಟಿಗೆ ಬೀಗ ಹಾಕಿ ಕೀಲಿ ಸಾಹೇಬರ ಡ್ರಾಯರಿನಲ್ಲಿ ಇಡಬೇಡಿ ದಯವಿಟ್ಟು.

ಕೇಸ್ ಆಗುತ್ತದೆ ಅನ್ನೋ ಭಯ ಸಾಮಾನ್ಯ ಜನರಿಗೆ ಈಗಲೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಂ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಿ ಅಂತ ಬಲವಂತ ಮಾಡುವ ಹಾಗಿಲ್ಲ.

ಪೊಲೀಸ್, ಅಗ್ನಿಶಾಮಕ, ಸಾರಿಗೆ ಇಲಾಖೆಗಳಲ್ಲಿ ಇರುವ ಗೆಳೆಯರೇ, ನಿಮ್ಮ ಠಾಣೆಗೆ, ಡಿಪೋಗೆ ಸಿಪಿಆರ್ ಗೊಂಬೆ ಕೊನೆಯ ಸಲ ಬಂದದ್ದು ಯಾವಾಗ? ಬಂದೇ ಇಲ್ಲ ಅಂದರೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಅಥವಾ ರೆಡ್ ಕ್ರಾಸ್ ಶಾಖೆಯಲ್ಲಿ ಕೇಳಿ. ನಮ್ಮಂಥ ನರ್ಸ್‌ಗಳು ಹೇಳಿಕೊಡಲು ತಯಾರಿದ್ದೇವೆ, ರಜೆ ದಿನವಾದರೂ ಬರುತ್ತೇವೆ.