ಕುಂತ್ಕತದೆ ಬುಡಿ ಸಾ

ಬೆಳಗ್ಗೆ ಗೇಟು ತೆಗೆದು, ರಂಗೋಲಿ ತಪ್ಪಿಸಿ, ಅಂಬಾಸಡರನ್ನು ರಿವರ್ಸಿನಲ್ಲಿ ಬೀದಿಗೆ ಇಳಿಸುವಾಗ ಹೊಟ್ಟೆಯ ಕೆಳಗಿಂದ ಒಂದು ‘ಟಣ್’ ಬರುತ್ತದಲ್ಲ, ಅದರ ಬಗ್ಗೆ ಹೇಳುತ್ತಿದ್ದೇನೆ. ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇನ್ನೊಂದು ‘ಟಣ್’. ಬೀದಿಯವರಿಗೆ ಅದು ಎಂಟೂವರೆಯ ಗಂಟೆ. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಪೇಪರಿನಿಂದ ತಲೆ ಎತ್ತದೆ ‘ಸೈಲೆನ್ಸರ್’ ಅನ್ನುತ್ತಾರೆ. ಹಾಲಿನವನು ‘ಎಂಜಿನ್ ಮೌಂಟಿಂಗು’ ಅನ್ನುತ್ತಾನೆ. ಮನೆಯವರು ‘ಗುಜರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೂರೂ ಅಲ್ಲ. ಹೋಗಿರುವುದು ಕ್ರಾಸು.

‘ಕ್ರಾಸ್ ಹೋಗಿದೆ’ ಎಂದು ಮೈಸೂರಿನ ಯಾವ ಮನೆಯಲ್ಲಾದರೂ ಹೇಳಿ ನೋಡಿ. ‘ಎಷ್ಟನೇ ಕ್ರಾಸು?’ ಎಂಬ ಪ್ರಶ್ನೆ ಬಾರದಿದ್ದರೆ ಕೇಳಿ. ಸರಸ್ವತೀಪುರದ ಕ್ರಾಸುಗಳು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತವೆ. ಹೋಗುವುದು ಕಾರಿನದು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿನ ಹೌಸಿಂಗಿನವರೆಗೆ ಒಂದು ಉದ್ದನೆಯ ಕೊಳವೆ ಮಲಗಿದೆಯಲ್ಲ, ಅದು ಪ್ರೊಪೆಲ್ಲರ್ ಶಾಫ್ಟು. ಅದರ ಎರಡು ತುದಿಗೂ ಕೂಡುವ ಗುರುತಿನಂಥ ಒಂದೊಂದು ಉಕ್ಕಿನ ತುಂಡು; ಅದೇ ಕ್ರಾಸು. ನಾಲ್ಕು ತೋಳು, ತೋಳಿಗೊಂದು ಪುಟ್ಟ ಬಟ್ಟಲಿನಂಥ ಕಪ್ಪು, ಕಪ್ಪಿನೊಳಗೆ ಒತ್ತೊತ್ತಾಗಿ ನಿಂತ ಸೂಜಿ ಬೇರಿಂಗು. ಹಿಂದಿನ ಆಕ್ಸಲ್ ಪಟ್ಟೆ ಸ್ಪ್ರಿಂಗಿನ ಮೇಲಿದೆ. ಮಂಡ್ಯ ಕಡೆಯ ಹಳ್ಳಿ ರಸ್ತೆಗಳ ಒಂದೊಂದು ಹಂಪಿಗೂ ಅದು ಎದ್ದು ಕೂರುತ್ತದೆ. ಗೇರ್‌ಬಾಕ್ಸು ಮಾತ್ರ ಏಳುವುದಿಲ್ಲ. ಇಬ್ಬರ ನಡುವೆ ಸಿಕ್ಕಿದ ಶಾಫ್ಟು ತಿರುಗುತ್ತಲೇ ಬಾಗಬೇಕು. ಈ ಕೀಲಿಗೆ 16ನೇ ಶತಮಾನದ ಕಾರ್ಡಾನೊ, 17ನೇ ಶತಮಾನದ ಹುಕ್ ಇಬ್ಬರ ಹೆಸರೂ ಇದೆ. ಗ್ರೀಸ್ ಹೊಡೆಯುವ ಕೆಲಸವನ್ನು ಮಾತ್ರ ಇಬ್ಬರೂ ನಮಗೇ ಬಿಟ್ಟು ಹೋಗಿದ್ದಾರೆ.

ಗ್ರೀಸಿನಲ್ಲೇ ಇರುವುದು ಎಲ್ಲ ಎಡವಟ್ಟು. ಶಾಫ್ಟು ಹೆಚ್ಚುಕಡಿಮೆ ನೇರವಾಗಿಯೇ ಓಡುವುದರಿಂದ ಸೂಜಿಗಳು ಪೂರ್ತಿ ಉರುಳುವುದಿಲ್ಲ, ತೊಟ್ಟಿಲಿನಂತೆ ಇದ್ದಲ್ಲೇ ತೂಗಾಡುತ್ತವೆ. ಒಂದೇ ಜಾಗದಲ್ಲಿ ತಿಕ್ಕಿ ತಿಕ್ಕಿ ಗ್ರೀಸು ಆಚೆ ಸರಿಯುತ್ತದೆ, ತೋಳಿನ ಮೇಲೆ ಗೀರು ಬೀಳುತ್ತದೆ. ಬಿಚ್ಚಿದಾಗ ಉಗುರಿನಲ್ಲಿ ಸವರಿದರೆ ಸಾಕು, ಬಾಚಣಿಗೆ ಸವರಿದ ಹಾಗೆ ಸಿಗುತ್ತದೆ. ದಸರಾಕ್ಕೊಮ್ಮೆ, ಮದುವೆಗೊಮ್ಮೆ ಆಚೆ ತೆಗೆಯುವ ಕಾರಿನಲ್ಲಿ ಇದರ ಜೊತೆಗೆ ತುಕ್ಕೂ ಸೇರುತ್ತದೆ.

ಮೊದಲು ಅದು ಗುಬ್ಬಿಯ ಸ್ವರದಲ್ಲಿ ಹೇಳುತ್ತದೆ. ನಿಧಾನವಾಗಿ ಹೋಗುವಾಗ ಚಿಂವ್ ಚಿಂವ್, ವೇಗ ಹೆಚ್ಚಿದಷ್ಟೂ ಚಿಂವ್‌ಗಳ ನಡುವೆ ಬಿಡುವು ಕಡಿಮೆ. ಆಗಲೇ ಗ್ರೀಸ್ ಗನ್ ಹಿಡಿದರೆ ಕೆಲವು ಕಾಲ ದೂಡಬಹುದು. ನಾವು ಹಿಡಿಯುವುದಿಲ್ಲ, ಪರಿಸರ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಆಮೇಲೆ ‘ಟಣ್’. ಅದಕ್ಕೂ ಕಿವಿಗೊಡದಿದ್ದರೆ ನಂಜನಗೂಡು ರಸ್ತೆಯಲ್ಲಿ ಅರವತ್ತು ದಾಟಿದ ಕೂಡಲೇ ಸೀಟು, ಸ್ಟೀರಿಂಗು, ಹಿಂದೆ ಕೂತ ಅತ್ತೆಯವರ ಮಾತು, ಎಲ್ಲಕ್ಕೂ ನಡುಕ. ಹಳೆಯ ಅಂಬಾಸಡರ್‌ನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ನಾಲ್ಕಕ್ಕಿಂತ ಹೆಚ್ಚು ಸುತ್ತಿರುತ್ತದೆ; ಸಣ್ಣ ಸಡಿಲವೂ ದೊಡ್ಡ ನಡುಕವಾಗುವುದು ಹಾಗೆ.

ಪರೀಕ್ಷೆಗೆ ಮೆಕ್ಯಾನಿಕ್ಕೇ ಬೇಕಿಲ್ಲ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರು ನ್ಯೂಟ್ರಲ್ ಮಾಡಿ. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಬೇಡಿ. ಕ್ರಾಸಿನ ಈಚೆಗೊಂದು ಕೈ, ಆಚೆಗೊಂದು ಕೈ, ಬಟ್ಟೆ ಹಿಂಡುವಂತೆ ಎದುರುಬದುರು ತಿರುಚಿ, ಮೇಲೆ ಕೆಳಗೆ ಎತ್ತಾಡಿಸಿ. ಕ್ರಾಸಿನಲ್ಲಿ ಒಂದಿಷ್ಟೂ ಆಟ ಇರಬಾರದು. ಕಪ್ಪುಗಳ ಸುತ್ತ ಕುಂಕುಮ ಉದುರಿದಂತೆ ಕೆಂಪು ಪುಡಿ ಕಂಡರೆ ಕೈ ಹಾಕುವುದೂ ಬೇಡ, ತೀರ್ಪು ಬಂದಾಗಿದೆ. ಕ್ರಾಸು ಗಟ್ಟಿಯಿದ್ದೂ ‘ಟಣ್’ ಬರುತ್ತಿದ್ದರೆ ಸ್ಪ್ಲೈನ್ (ಶಾಫ್ಟು ಜಾರಿ ಕೂರುವ ಹಲ್ಲುಗಳು), ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲಿನ ಹಲ್ಲುಚಕ್ರಗಳು), ಸ್ಪ್ರಿಂಗಿನ ಯೂ ಬೋಲ್ಟು ನೋಡಬೇಕು. ಬ್ಯಾಂಕ್ ಮ್ಯಾನೇಜರು ಹೇಳಿದ ಸೈಲೆನ್ಸರು ಆ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಈಗ ಗ್ಯಾರೇಜು. ಅಂದರೆ ಮೇಸ್ತ್ರಿ.

ಹಳೇ ಕಾರು ಇಟ್ಟ ಪ್ರತಿಯೊಬ್ಬನಿಗೂ ಇಂಥವನೊಬ್ಬ ಗಂಟುಬಿದ್ದಿರುತ್ತಾನೆ. ಮಂಡ್ಯ ಕಡೆಯವನು, ಕೈ ಬಂಗಾರ, ಬಾಯಿ ತುಂಬ ಎಲೆ ಅಡಿಕೆ, ನಡುವೆ ಒಂದೇ ವಾಕ್ಯಕ್ಕೆ ಜಾಗ: ‘ಕುಂತ್ಕತದೆ ಬುಡಿ ಸಾ.’ ಬಾಗಿಲು ಸರಿಯಾಗಿ ಹಾಕಲು ಬರುತ್ತಿಲ್ಲವೇ? ಕುಂತ್ಕತದೆ. ಗ್ಯಾಸ್ಕೆಟ್ ಅರ್ಧ ಇಂಚು ಆಚೆ ಇದೆಯೇ? ಕುಂತ್ಕತದೆ. ‘ಯಾವಾಗ ಕೊಡ್ತೀಯಪ್ಪ?’ ಅಂದರೆ ಸ್ಟೂಲು ತೋರಿಸಿ, ‘ನೀವೂ ಕುಂತ್ಕಳಿ ಸಾ.’ ಹೀಗೆ ಕಾರು ಕೂತು ಎಂಟು ದಿನ, ನಾವು ಕೂತು ಎಂಟು ದಿನ. ಕೂರಬೇಕಾದ ಕಪ್ಪೊಂದು ಮಾತ್ರ ಕೂತಿರುವುದಿಲ್ಲ.

ಬಿಚ್ಚುವುದರಲ್ಲೇ ಅವನಿಗೂ ನಮಗೂ ಮೊದಲ ಜಗಳ. ಶಾಫ್ಟನ್ನು ಆಕ್ಸಲಿಗೆ ಕೂಡಿಸುವ ಬಿಲ್ಲೆ, ಅಂದರೆ ಹಿಂದಿನ ಫ್ಲ್ಯಾಂಜಿನ ನಾಲ್ಕು ಬೋಲ್ಟು ತೆಗೆಯುವ ಮೊದಲು ಎರಡೂ ಫ್ಲ್ಯಾಂಜಿಗೆ ಸೆಂಟರ್ ಪಂಚಿನಿಂದ ಗುರುತು ಹೊಡೆಯಬೇಕು, ಇದ್ದ ಹಾಗೇ ವಾಪಸ್ ಕೂರಲಿ ಎಂದು. ಅವನು ಸೀಮೆಸುಣ್ಣದಲ್ಲಿ ಗೀಚುತ್ತಾನೆ. ಹುಡುಗ ಸೀಮೆಎಣ್ಣೆ ಹಾಕಿ ತೊಳೆಯುತ್ತಾನೆ. ಗುರುತು ಕಾವೇರಿ ಪಾಲು. ಹಳೇ ಅಂಬಾಸಡರಿನ ನಟ್ಟುಗಳು ಇಂಚಿನ ಲೆಕ್ಕದವು. 9/16 ಅಂದರೆ 14.3 ಮಿ.ಮೀ. ಹದಿನಾಲ್ಕರ ಸ್ಪ್ಯಾನರ್ ಹೋಗುವುದಿಲ್ಲ, ಹದಿನೈದರದು ಹೋಗಿ ಜಾರುತ್ತದೆ. ಒಮ್ಮೆ ಜಾರಿದರೆ ನಟ್ಟಿನ ಮೂಲೆಗಳು ನಿಂಬೆಹಣ್ಣಾಗುತ್ತವೆ. ಮುಂದಿನ ಯೋಕ್, ಅಂದರೆ ಕ್ರಾಸನ್ನು ಹಿಡಿದ ಕವಲು, ಗೇರ್‌ಬಾಕ್ಸಿನೊಳಗೆ ಜಾರಿ ಕೂರುವ ಜಾತಿಯಾದರೆ, ಎಳೆದ ಕ್ಷಣ ಆಯಿಲು ಸುರಿಯುತ್ತದೆ. ಬಾಯಿಗೆ ಪ್ಲಾಸ್ಟಿಕ್ ಕವರು, ಮೇಲೊಂದು ರಬ್ಬರ್ ಬ್ಯಾಂಡು. ಇಷ್ಟನ್ನು ಮೊದಲೇ ಹೇಳದಿದ್ದರೆ ಆಯಿಲು ನೇರ ಅಡಿಯಲ್ಲಿ ಮಲಗಿದ ಹುಡುಗನ ಕೊರಳಿಗೆ.

ಹಳೇ ಕ್ರಾಸ್ ತೆಗೆಯುವುದಕ್ಕೆ ವೈಸು, ಎರಡು ಸಾಕೆಟ್ಟು ಸಾಕು. ಕಪ್ಪು ಆಚೆ ಬಾರದಂತೆ ತಡೆಯುವ ಉಂಗುರದಂಥ ನಾಲ್ಕೂ ಲಾಕ್ ಬಿಚ್ಚಿ, ಕಪ್ಪಿಗಿಂತ ಚಿಕ್ಕದೊಂದು ಸಾಕೆಟ್ಟಿನಿಂದ ಒತ್ತಿದರೆ ಎದುರಿನ ಕಪ್ಪು ದೊಡ್ಡ ಸಾಕೆಟ್ಟಿನೊಳಗೆ ಬರುತ್ತದೆ. ವೈಸಿಗೆ ಯೋಕನ್ನು ಕೊಡಬೇಕು, ಕೊಳವೆಯನ್ನಲ್ಲ. ಕೊಳವೆ ನಗ್ಗಿದರೆ ಹೊಸ ನಡುಕ ಉಚಿತ. ಹೊಸ ಕಪ್ಪು ಯೋಕಿನ ತೂತಿಗೆ ಹೆಬ್ಬೆರಳಿನಿಂದಲೇ ಒಳಗೆ ಹೋದರೆ ಖುಷಿಪಡಬೇಡಿ, ತೂತೇ ಸವೆದಿದೆ, ಯೋಕ್ ಬದಲಾಯಿಸಬೇಕು. ಮೇಸ್ತ್ರಿ ಆಗ ತೂತಿನ ಸುತ್ತ ಪಂಚಿನಿಂದ ಚುಕ್ಕಿ ಹೊಡೆದು ಬಿಗಿ ಮಾಡುತ್ತಾನೆ. ಅದಕ್ಕೂ ಅವನ ಬಳಿ ಅದೇ ವಾಕ್ಯ.

ಇನ್ನು ಸೂಜಿ. ಒಂದು ಕಪ್ಪಿನಲ್ಲಿ ಇಪ್ಪತ್ತು ಚಿಲ್ಲರೆ ಸೂಜಿಗಳು ಗ್ರೀಸಿನ ಅಂಟಿನಲ್ಲಿ ಬೇಲಿಯಂತೆ ನಿಂತಿರುತ್ತವೆ. ಒತ್ತುವಾಗ ಕ್ರಾಸಿನ ತೋಳನ್ನು ಕೈಯಿಂದ ಎತ್ತಿ ಕಪ್ಪಿನೊಳಗೆ ಹೊಗಿಸಿ ಹಿಡಿದಿರಬೇಕು. ಇಲ್ಲದಿದ್ದರೆ ತೋಳಿನ ತುದಿ ತಗುಲಿ ಒಂದು ಸೂಜಿ ಅಡ್ಡ ಬೀಳುತ್ತದೆ, ಕಪ್ಪಿನ ತಳದಲ್ಲಿ ಮಲಗುತ್ತದೆ. ಹೊರಗಿಂದ ಏನೂ ಕಾಣದು. ಮೂರು ಕಪ್ಪಿಗೆ ಲಾಕು ಬೀಳುತ್ತದೆ, ನಾಲ್ಕನೆಯದಕ್ಕೆ ಲಾಕು ಕೂರುವ ಕಚ್ಚೇ ಕಾಣಿಸದು. ಸೂಜಿಯ ದಪ್ಪದಷ್ಟು ಕಪ್ಪು ಆಚೆ ನಿಂತಿದೆ.

‘ಸೂಜಿ ಬಿದ್ದಿದೆ ಕಣಪ್ಪ.’

‘ಇಲ್ಲ ಸಾ, ಹೊಸ ಐಟಮ್ಮು, ಟೈಟಿರ್ತದೆ. ಕುಂತ್ಕತದೆ.’

ಸಣ್ಣ ಸುತ್ತಿಗೆಯಲ್ಲಿ ಎರಡೇಟು. ಕೂರುವುದಿಲ್ಲ. ದೊಡ್ಡ ಸುತ್ತಿಗೆಯಲ್ಲಿ ನಾಲ್ಕು. ‘ಬಂತು ನೋಡಿ ಸಾ.’ ಬಂದಿರುವುದಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಬಂದು ನಿಂತು ‘ಉಲ್ಟಾ ಹೊಡಿ’ ಅನ್ನುತ್ತಾನೆ. ಟೀ ತಂದ ಹುಡುಗ ಲೋಟ ಇಟ್ಟು ನೋಡುತ್ತ ನಿಲ್ಲುತ್ತಾನೆ. ಮಂಡ್ಯದಿಂದ ಬೆಲ್ಲದ ಟೆಂಪೋ ರಿಪೇರಿಗೆ ತಂದವನೊಬ್ಬ ಪಂಚೆ ಎತ್ತಿ ಕಟ್ಟಿ, ‘ಕೊಡಿ ಇಲ್ಲಿ’ ಎಂದು ತಾನೇ ಎರಡು ಬಾರಿಸುತ್ತಾನೆ. ಒಂದು ಕಡ್ಡಿಯಷ್ಟು ಸೂಜಿಗೆ ಐದು ಜನ. ಕಡೆಗೆ ಮೇಸ್ತ್ರಿ ಎಲೆ ಅಡಿಕೆ ಉಗಿದು, ಗಂಭೀರನಾಗಿ, ಲಾಕನ್ನೇ ಗ್ರೈಂಡರಿಗೆ ಕೊಟ್ಟು ತೆಳ್ಳಗೆ ಮಾಡುವ ಉಪಾಯ ಸೂಚಿಸುತ್ತಾನೆ. ಇಲ್ಲಿ ಮಾತ್ರ ನಗಬೇಡಿ, ಕೈ ಹಿಡಿದು ನಿಲ್ಲಿಸಿ. ತೆಳುವಾದ ಲಾಕು ಓಡುವಾಗ ಹಾರಿದರೆ ಕಪ್ಪು ಕಳಚಿ, ಅದು ಮುಂದಿನ ಕ್ರಾಸಾದರೆ ಶಾಫ್ಟಿನ ಮುಂತುದಿ ರಸ್ತೆಗೆ ಬಿದ್ದು ನೆಲ ಅಗೆಯಬಹುದು, ಕಾರು ಅದರ ಮೇಲೆ ಎದ್ದು ನಿಲ್ಲಬಹುದು.

ಹೊಡೆದಷ್ಟೂ ಸೂಜಿ ಚೂರಾಗುವುದೇ ಹೊರತು ದಾರಿ ಬಿಡುವುದಿಲ್ಲ. ಕಪ್ಪು ಹೊರತೆಗೆದು ನೋಡಬೇಕು. ತೆಗೆದಾಗ ತಳದಲ್ಲಿ ಅದು ಹಾಯಾಗಿ ಅಡ್ಡಡ್ಡ ಮಲಗಿರುತ್ತದೆ. ಐದೂ ಜನ ಬಗ್ಗಿ ನೋಡುತ್ತಾರೆ. ‘ನಾನು ಆಗ್ಲೇ ಅಂದೆ’ ಎಂದು ವೆಲ್ಡಿಂಗಿನವನು ಹೊರಡುತ್ತಾನೆ.

ಕೂತ ಮೇಲೆ ಯೋಕಿನ ಕಿವಿಗಳಿಗೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕಪ್ಪುಗಳು ಲಾಕಿಗೆ ಒರಗುತ್ತವೆ, ಕ್ರಾಸು ನಾಲ್ಕು ಕಡೆಗೂ ಒಂದೇ ಹದದಲ್ಲಿ ಆಡುತ್ತದೆ. ಗ್ರೀಸ್ ಗನ್ನು ಕೂರುವ ತೊಟ್ಟು, ಅಂದರೆ ಗ್ರೀಸ್ ನಿಪ್ಪಲು, ಶಾಫ್ಟಿನ ಕೊಳವೆಯ ಕಡೆ ಮುಖ ಮಾಡಿರಲಿ. ಆಚೆ ತಿರುಗಿಸಿ ಕೂರಿಸಿದರೆ ಜನ್ಮದಲ್ಲಿ ಗನ್ನು ತಾಗುವುದಿಲ್ಲ. ನಾಲ್ಕು ಸೀಲಿನಿಂದಲೂ ಹೊಸ ಗ್ರೀಸು ಇಣುಕುವವರೆಗೆ ಹೊಡೆಯಬೇಕು. ಫ್ಲ್ಯಾಂಜಿಗೆ ಹೊಸ ಸೆಲ್ಫ್ ಲಾಕ್ ನಟ್ಟು. ಮತ್ತೆ, ಕೊಳವೆಗೆ ವೆಲ್ಡ್ ಮಾಡಿದ ಪುಟ್ಟ ತಗಡು ತುಂಡುಗಳಿರುತ್ತವೆ, ಬ್ಯಾಲೆನ್ಸಿನವು. ಶ್ರದ್ಧೆಯ ಹುಡುಗನೊಬ್ಬ ಅದನ್ನು ಅಂಟಿದ ಕಸವೆಂದು ಉಳಿಯಲ್ಲಿ ಎಬ್ಬಿಸಿ, ಕೊಳವೆಯನ್ನು ಫಳಫಳ ಮಾಡಿ ತೋರಿಸಿದರೆ ಬೈಯಲೂ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳುವುದು ಸುಳ್ಳಲ್ಲ. ‘ವಿಂಟೇಜು’ ಅಂದರೆ ಕಾನೂನೂ ಕೈಕೊಡುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಎಂಬತ್ತರ ದಶಕದ ನಮ್ಮ ಗಾಡಿಗಳು ಗೌರವಕ್ಕೆ ಚಿಕ್ಕವು, ಗುಜರಿಗೆ ದೊಡ್ಡವು. ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಸಂಗ್ರಹಾಲಯದಲ್ಲಿ ಹಳೇ ಕಾರುಗಳು ದೀಪದ ಕೆಳಗೆ ಮಿರಿಮಿರಿ ನಿಂತಿವೆ. ನಿಂತ ಕಾರಿಗೆ ‘ಟಣ್’ ಇಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೇ ಶಕ್ತಿ, ನಡುವೆ ಶಾಫ್ಟೇ ಇಲ್ಲ. ಹಿಂದಿನ ಸೀಟಿನ ನಡುವೆ, ಶಾಫ್ಟಿಗೆ ಜಾಗ ಕೊಡಲು ನೆಲದಲ್ಲಿ ಎದ್ದ ಆ ಉಬ್ಬಿನ ಎರಡೂ ಕಡೆ ಕಾಲು ಹಾಕಿ ಕೂತ ಮಗುವಿಗೆ ಮಾತ್ರ ಗೊತ್ತಿತ್ತು, ಚಾಮುಂಡಿಬೆಟ್ಟ ಹತ್ತುವಾಗ ಅಂಗಾಲಿಗೆ ಬರುತ್ತಿದ್ದ ಆ ಗುಂಯ್. ಮನೆಯಲ್ಲಿ ಅತಿ ಚಿಕ್ಕವರಿಗೇ ಆ ಜಾಗ ಕೊಡುತ್ತಿದ್ದರು.

ಸಂಜೆ ಕಾರು ನೆಲಕ್ಕಿಳಿಯುತ್ತದೆ. ರಿವರ್ಸ್ ಹಾಕಿದರೆ ಸದ್ದಿಲ್ಲ, ಒಂದನೇ ಗೇರಿಗೂ ಸದ್ದಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾನೆ. ದುಡ್ಡು ಎಣಿಸಿ ಕೊಡುವ ಹೊತ್ತಿಗೆ, ಟೂಲುಗಳನ್ನು ಹರಡಿದ್ದ ಪೇಪರಿನ ಮಡಿಕೆಯಲ್ಲಿ ಒಂದು ಸೂಜಿ.

‘ಹಳೇ ಕ್ರಾಸಿಂದು ಬುಡಿ ಸಾ.’

ಹಳೆಯ ಸೂಜಿಗಳೆಲ್ಲ ತುಕ್ಕಿನ ಬಣ್ಣ. ಇದು ಮಿಂಚುತ್ತಿರುತ್ತದೆ.