ಮೂಡ್ ಇಲ್ಲದ ದಿನ ಸಿಂಥ್ ಮುಂದೆ ಕೂತು ಏನು ಮಾಡೋದು?

ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್) ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುವ ಗೆಳೆಯರ ಬಾಯಲ್ಲಿ ಇತ್ತೀಚೆಗೆ ಒಂದೇ ದೂರು: "ಏನೂ ಹೊಳೀತಿಲ್ಲ ಮಾರಾಯಾ." ಅವರ ಪ್ರಾಜೆಕ್ಟ್ ಫೋಲ್ಡರ್ ತೆರೆದು ನೋಡಿ, ಎಂಟು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ಲೂಪುಗಳು, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ತುಣುಕುಗಳು, ರಾಶಿ ಬಿದ್ದಿರುತ್ತವೆ. ಕಿಕ್ ಡ್ರಮ್ ಇದೆ, ತಗ್ಗು ಸ್ವರದ ಬಾಸ್ ಇದೆ, ಹಿನ್ನೆಲೆಗೆ ಎಳೆದ ಸ್ವರದ ಪ್ಯಾಡ್ ಇದೆ, ಕೇಳೋಕೂ ಚೆನ್ನಾಗಿದೆ. ಒಂಬತ್ತನೇ ಬಾರ್ ಮಾತ್ರ ಇಲ್ಲ. ಇದನ್ನ ಸ್ಫೂರ್ತಿಯ ಬರ ಅಂತಾರೆ. ನನಗೆ ಕಾಣೋದು ಆಯ್ಕೆಗಳ ಅತಿವೃಷ್ಟಿ. ಲ್ಯಾಪ್‌ಟಾಪಿನಲ್ಲಿ ಸಾವಿರಗಟ್ಟಲೆ ಪ್ರೀಸೆಟ್ (ಮೊದಲೇ ಸಿದ್ಧ ಮಾಡಿಟ್ಟ ಸದ್ದು) ತುಂಬಿಕೊಂಡವನಿಗೆ ಒಂದು ಕಿಕ್ ಡ್ರಮ್ ಆರಿಸೋದರಲ್ಲೇ ಸಂಜೆ ಕಳೆದುಹೋಗುತ್ತೆ. ವೀಣೆ ಹಿಡಿದವರಿಗೆ ಈ ಕಷ್ಟ ಇಲ್ಲ, ಅವರಿಗೆ ಇರೋದೇ ಒಂದು ಪ್ರೀಸೆಟ್.

ಸಂಗೀತದ ಪಾಠಕ್ಕೆ ಹೋದವರಿಗೆ ಗೊತ್ತು: ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಅದೂ ಮೂರು ಕಾಲದಲ್ಲಿ. ಯಾವ ಮೇಷ್ಟ್ರೂ "ಇವತ್ತು ಮೂಡ್ ಇದೆಯಾ ಮಗು?" ಅಂತ ಕೇಳಿದ್ದಿಲ್ಲ. ನಮ್ಮ ಸಿಂಥ್ ಮಂದಿಗೆ ಮಾತ್ರ ಸಾಧಕ, ಅಂದರೆ ದಿನನಿತ್ಯದ ಅಭ್ಯಾಸ, ಅನ್ನೋದೇ ಇಲ್ಲ. ಕೂತರೆ ಟ್ರ್ಯಾಕೇ ಹುಟ್ಟಬೇಕು, ಹುಟ್ಟದಿದ್ದರೆ ಹೊಸ ಪ್ಲಗಿನ್ (ಸದ್ದಿನ ಸಾಫ್ಟ್‌ವೇರ್) ಕೊಳ್ಳಬೇಕು.

ಮುಂಬೈನ ಚರಣ್‌ಜಿತ್ ಸಿಂಗ್ ಅವರನ್ನ ಇಂಥ ಹೊತ್ತಲ್ಲಿ ನೆನೀತೀನಿ. ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ದುಡಿದ ವಾದ್ಯಗಾರ. ಕರೆ ಬಂದಾಗ ಹೋಗಿ, ಕೊಟ್ಟಿದ್ದನ್ನ ನುಡಿಸಿ ಬರುವ ಕಸುಬು ಅದು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು (ಡ್ರಮ್ಮಿಗೆ ಟಿಆರ್-808, ಬಾಸಿಗೆ ಟಿಬಿ-303, ಜೊತೆಗೆ ಜುಪಿಟರ್-8 ಸಿಂಥ್) ಯಮನ್, ಮಾಲ್ಕೌಂಸ್, ಲಲಿತ್, ತೋಡಿ ಹೀಗೆ ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿ ಒಂದು ಎಲ್‌ಪಿ ತಂದರು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಜಗತ್ತು ಕಣ್ಣರಳಿಸಿತು, ಯಾಕಂದ್ರೆ ಅದೇ 303 ತಿರುಚಿ ಚಿಕಾಗೋದ ಹುಡುಗರು ಆಸಿಡ್ ಹೌಸ್ ಅನ್ನೋ ನೃತ್ಯಸಂಗೀತದ ಪ್ರಕಾರಕ್ಕೆ ಹೆಸರು ತಂದ ರೆಕಾರ್ಡು ಬಿಟ್ಟದ್ದು 1987ರಲ್ಲಿ. ನನಗೆ ಆ "ಯಾರು ಮೊದಲು" ಜಗಳಕ್ಕಿಂತ ಅವರು ಹಾಕಿಕೊಂಡ ಚೌಕಟ್ಟು ದೊಡ್ಡದು. ಯಂತ್ರ ಮೂರು, ಸ್ವರ ಯಾವುದು ಅನ್ನೋದನ್ನ ರಾಗ ಮೊದಲೇ ಹೇಳಿಬಿಟ್ಟಿದೆ. ಇನ್ನು ಉಳಿದಿರೋದು ಕೆಲಸ.

ಆ 303 ಒಂದು ವಿಚಿತ್ರ ಡಬ್ಬಿ. ಒಬ್ಬರೇ ಅಭ್ಯಾಸ ಮಾಡುವ ಗಿಟಾರಿನವರಿಗೆ ಬಾಸ್ ಜೊತೆ ಕೊಡಲಿ ಅಂತ ಮಾಡಿದ್ದು. ವ್ಯಾಪಾರ ಆಗದೆ 1984ರ ಹೊತ್ತಿಗೆ ತಯಾರಿಕೆ ನಿಂತಿತು. ಅದರಲ್ಲಿ ಸ್ವರಗಳನ್ನ ಮೊದಲು ಸಾಲಾಗಿ ತುಂಬಬೇಕು, ಅವು ಯಾವ ಗಳಿಗೆಯಲ್ಲಿ ಬೀಳಬೇಕು, ಎಲ್ಲಿ ಮೌನ ಅನ್ನೋದನ್ನ ಬೇರೆಯಾಗಿ ತುಂಬಬೇಕು. ಬಳಸುವವರಿಗೆ ತಲೆನೋವು. ಆದರೆ ಏನೂ ಹೊಳೆಯದ ದಿನಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಏಬಲ್ಟನ್, ಎಫ್‌ಎಲ್ ಸ್ಟುಡಿಯೋ ಥರದ ಸಂಗೀತ ಸಾಫ್ಟ್‌ವೇರಿನಲ್ಲಿ ಹಂಸಧ್ವನಿಯ ಐದು ಸ್ವರ ಯೋಚಿಸದೆ ಸಾಲಾಗಿ ಬರೆದುಬಿಡಿ. ಲಯವನ್ನ ಇನ್ನೊಂದು ಟ್ರ್ಯಾಕಿನಲ್ಲಿ ಬರೀ ಚಪ್ಪಾಳೆಯಲ್ಲಿ ಮಾಡಿ. ಆಮೇಲೆ ಆ ಲಯವನ್ನ ಸ್ವರಸಾಲಿನ ಮೇಲೆ ಹೇರಿ. ಬರೋದು ನೀವು ಕೂತು ಯೋಚಿಸಿದ್ದರೆ ಬರುತ್ತಿದ್ದ ಬಾಸ್‌ಲೈನ್ ಅಲ್ಲವೇ ಅಲ್ಲ.

ಇನ್ನೊಂದು ಲೆಕ್ಕ, ಇದು ನಮ್ಮವರಿಗೆ ರಕ್ತದಲ್ಲೇ ಇರುವಂಥದ್ದು. ಕಿಕ್ ಹದಿನಾರು ಹೆಜ್ಜೆಯ, ಅಂದರೆ ಒಂದು ಬಾರಿನ, ಲೂಪಿನಲ್ಲಿರಲಿ. ಬಾಸನ್ನ ಮಿಶ್ರದ ಏಳಕ್ಕೆ, ಮೇಲಿನ ಗಂಟೆ ಸದ್ದನ್ನ ಖಂಡದ ಐದಕ್ಕೆ ಕತ್ತರಿಸಿ. ಮೂರೂ ಮತ್ತೆ ಒಟ್ಟಿಗೆ ಬೀಳೋದು 560 ಹೆಜ್ಜೆ ಆದಮೇಲೆ, ಅಂದರೆ 35 ಬಾರ್. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಒಂದು ನಿಮಿಷ ಹತ್ತು ಸೆಕೆಂಡು. ಎಂಟು ಬಾರಿಗೆ ಅಂಟಿಕೊಂಡಿದ್ದವರಿಗೆ ಒಂದೇ ಒಂದು ಹೊಸ ಸ್ವರ ಬರೆಯದೆ ಅಷ್ಟು ಉದ್ದದ ಸಂಗೀತ ಸಿಕ್ಕಿತು. (ಕರ್ನಾಟಕ ಸಂಗೀತದ ಸುಳಾದಿ ತಾಳಗಳ ಲೆಕ್ಕವೂ 35. ಕಾಕತಾಳೀಯ, ಆದರೆ ಖುಷಿ ಆಗುತ್ತೆ.)

ಶ್ರುತಿಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರೇ ಸಾಕಾಯ್ತು. ನಮ್ಮ ಕರೆಂಟು 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಅದರ ದುಪ್ಪಟ್ಟು, 100. ಕೀಬೋರ್ಡಿನ ಜಿ ಸ್ವರಕ್ಕಿಂತ ಒಂದು ಕೂದಲು ಮೇಲೆ, ಸುಮಾರು 35 ಸೆಂಟ್ (ಕೀಬೋರ್ಡಿನಲ್ಲಿ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ 100 ಸೆಂಟ್). ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಷಡ್ಜ ಅಂತ ಇಟ್ಟು, ಇಡೀ ಪ್ರಾಜೆಕ್ಟನ್ನ ಅಷ್ಟು ಮೇಲಕ್ಕೆ ಟ್ಯೂನ್ ಮಾಡಿದೆ. ಮನೆಯವರು ಫ್ರಿಜ್ ಕೆಟ್ಟಿದೆಯಾ ಅಂತ ವಿಚಾರಿಸಿದರು.

ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಮತ್ತು ಚಿತ್ರಕಾರ ಪೀಟರ್ ಶ್ಮಿಟ್ 1975ರಲ್ಲಿ ಹೊರತಂದ ಇಸ್ಪೀಟಿನಂಥ ಕಾರ್ಡುಗಳನ್ನ ತುಂಬಾ ಜನ ಶಿಫಾರಸು ಮಾಡ್ತಾರೆ. ದಾರಿ ಕಾಣದಾಗ ಒಂದು ಎತ್ತಿ, ಅದು ಹೇಳಿದಂತೆ ಮಾಡೋದು. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುವ ಸ್ಟುಡಿಯೋದಲ್ಲಿ ಅವು ಕೆಲಸಕ್ಕೆ ಬರುತ್ತವೆ, ಒಪ್ತೀನಿ. ಮಲಗೋ ಕೋಣೆಯಲ್ಲಿ ಯಾವ ಮೀಟರೂ ಓಡ್ತಿಲ್ಲವಲ್ಲ, ಅಲ್ಲಿ ಕಾರ್ಡು ಎತ್ತೋದೇ ಇನ್ನೊಂದು ಕಾಲಹರಣ. ಯೂಟ್ಯೂಬ್ ಟ್ಯುಟೋರಿಯಲ್ ನೋಡೋದೂ ಹಾಗೇ. ನೋಡಿ ಎದ್ದಾಗ ಕೆಲಸ ಮಾಡಿದ ದಣಿವಿರುತ್ತೆ, ಫೋಲ್ಡರಿನಲ್ಲಿ ಫೈಲ್ ಇರಲ್ಲ. ಕಿವಿ ನಿಜಕ್ಕೂ ಸೋತಿದ್ದರೆ ಕಂಪ್ಯೂಟರ್ ಮುಚ್ಚಿ ಮಲಗಿ, ಅದು ಬೇರೆ ವಿಷಯ.

ಹೀಗೆ ಲೆಕ್ಕ ಹಾಕಿ ಮಾಡಿದ್ದೆಲ್ಲ ಚೆನ್ನಾಗಿರುತ್ತಾ? ಬಹುಪಾಲು ಇರಲ್ಲ. ಆದರೆ ಮುಗಿದಿರುತ್ತೆ, ಮುಗಿದಿದ್ದನ್ನ ಇನ್ನೊಬ್ಬರಿಗೆ ಕೇಳಿಸಿ ಬೈಸಿಕೊಳ್ಳಬಹುದು. ಹದಿನಾರು-ಏಳು-ಐದರ ಲೂಪು ಈಗ ಟ್ರಾನ್ಸ್‌ಫಾರ್ಮರ್ ಶ್ರುತಿಯ ಜೊತೆ ನಾಲ್ಕು ನಿಮಿಷದ ಟ್ರ್ಯಾಕ್ ಆಗಿ ನಿಂತಿದೆ, ಕಿಕ್ ಸ್ವಲ್ಪ ಸಪ್ಪೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಫೈಲ್ ಕಳಿಸ್ತೀನಿ. ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಫೋನಿನ ಸ್ಪೀಕರಿಗೆ 100 ಹರ್ಟ್ಜ್ ದಕ್ಕಲ್ಲ.