ಸ್ಪಷ್ಟನೆ: ‘ವಿಶ್ರಾಂತಿಯೇ ಬದುಕಿನ ಗುರಿ’ ಎಂದು ಅರಿಸ್ಟಾಟಲ್ ಹೇಳಿಲ್ಲ

‘ವಿಶ್ರಾಂತಿಯೇ ಬದುಕಿನ ಗುರಿ – ಅರಿಸ್ಟಾಟಲ್’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹರಿದಾಡುತ್ತಿದೆ. ‘ಸ್ಕೂಲ್’ ಎಂಬ ಪದದ ಮೂಲ ಬಿಡುವು ಎಂಬರ್ಥದ ಗ್ರೀಕ್ ಪದ ಎಂಬ ಸಾಲೂ ಅದರಲ್ಲಿದೆ. ಎರಡನೆಯದು ಸರಿ. ಮೊದಲನೆಯದು ತಪ್ಪು.

ಎರಡು ಗ್ರೀಕ್ ಪದಗಳು ಇಲ್ಲಿ ಕಲಸಿಹೋಗಿವೆ. ‘ಅನಾಪೌಸಿಸ್’ ಎಂದರೆ ದಣಿವಾರಿಸಿಕೊಳ್ಳುವುದು. ‘ಸ್ಖೋಲೆ’ ಎಂದರೆ ಯಾವ ಒತ್ತಾಯವೂ ಇಲ್ಲದ ಬಿಡುವು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ನೀತಿಶಾಸ್ತ್ರ ಗ್ರಂಥ ‘ನಿಕೊಮಾಕಿಯನ್ ಎಥಿಕ್ಸ್’ನ 10ನೇ ಪುಸ್ತಕ (ಅಂದರೆ ಭಾಗ), 6ನೇ ಅಧ್ಯಾಯದಲ್ಲಿ ಅವನ ಮಾತು ನೇರವಾಗಿಯೇ ಇದೆ: ವಿಶ್ರಾಂತಿ ಗುರಿಯಲ್ಲ, ಏಕೆಂದರೆ ಅದು ಇರುವುದು ಚಟುವಟಿಕೆಗಾಗಿ. ಒಂದೇ ಸಮನೆ ದುಡಿಯಲು ಆಗುವುದಿಲ್ಲವಲ್ಲ, ಅದಕ್ಕೇ ವಿರಮಿಸುತ್ತೇವೆ, ಅಷ್ಟೆ. ಅವನ ರಾಜ್ಯಶಾಸ್ತ್ರ ಗ್ರಂಥ ‘ಪಾಲಿಟಿಕ್ಸ್’ನ 8ನೇ ಪುಸ್ತಕದಲ್ಲಂತೂ ಆಟವಿನೋದಗಳನ್ನು ಔಷಧಿಯ ಹಾಗೆ, ಹೊತ್ತು ನೋಡಿ ಬಳಸಬೇಕು ಎನ್ನುತ್ತಾನೆ.

‘ಬಿಡುವಿಗಾಗಿಯೇ ನಾವು ದುಡಿಯುವುದು’ ಎಂಬರ್ಥದ ಮಾತು ಎಥಿಕ್ಸ್‌ನ ಮುಂದಿನ ಅಧ್ಯಾಯದಲ್ಲಿದೆ. ಸಂದೇಶ ಹುಟ್ಟಿದ್ದು ಬಹುಶಃ ಇದರಿಂದಲೇ. (ಗ್ರೀಕರಲ್ಲಿ ಉದ್ಯೋಗಕ್ಕಿದ್ದ ಒಂದು ಪದವೇ ‘ಅಸ್ಖೋಲಿಯಾ’, ಬಿಡುವಿಲ್ಲದಿರುವಿಕೆ!) ಆದರೆ ಆ ಬಿಡುವನ್ನು ತುಂಬಬೇಕಾದ್ದು ನಿದ್ದೆಯಲ್ಲ, ‘ಥಿಯೋರಿಯಾ’, ಅಂದರೆ ಚಿಂತನೆ. ಅವನ ಲೆಕ್ಕದಲ್ಲಿ ಚಿಂತನೆಯೂ ಚಟುವಟಿಕೆಯೇ, ಅದೂ ಎಲ್ಲಕ್ಕಿಂತ ಮೇಲಿನದು: ಬೇರಾವ ಕೆಲಸಕ್ಕಿಂತಲೂ ಹೆಚ್ಚು ಹೊತ್ತು ಎಡೆಬಿಡದೆ ನಡೆಸಬಹುದಾದದ್ದು, ಬರುವ ಫಲಕ್ಕಲ್ಲದೆ ಅದಕ್ಕಾಗಿಯೇ ಬೇಕೆನಿಸುವಂಥದ್ದು.

ಮಲಗಿ ದಣಿವಾರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಅರಿಸ್ಟಾಟಲನದೂ ಇಲ್ಲ. ಆ ಸಾಲನ್ನು ಮಾತ್ರ ಅವನ ಹೆಸರಿನಲ್ಲಿ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.